ಗಾಳಿ ತುಂಬಿದರೆ ಸಾಲದು: ಪುಟ್ಟ ವಿಮಾನದ ಕಾಲಿನೊಳಗಿನ ರಬ್ಬರ್ ಬಳೆ

ಹಳೆಯ ಪೈಪರ್ ಚೆರೋಕಿ ವಿಮಾನ ಒಂದು ರೆಕ್ಕೆ ತಗ್ಗಿಸಿಕೊಂಡು ವಾಲಿ ನಿಂತಿದ್ದರೆ ಯಾರಿಗೂ ಅಷ್ಟೇನೂ ಆಶ್ಚರ್ಯ ಆಗುವುದಿಲ್ಲ. ಟೈರ್ ಸರಿಯಾಗಿಯೇ ಇರುತ್ತದೆ. ಕುಸಿದಿರುವುದು ಅದರ ಮೇಲಿನ ಸ್ಟ್ರಟ್, ಅಂದರೆ ಇಳಿಯುವಾಗಿನ ಪೆಟ್ಟು ತಡೆಯುವ ಕಾಲು. ಎಲ್ಲಾ ಸಣ್ಣ ವಿಮಾನಗಳಿಗೂ ಈ ಕಾಟ ಇಷ್ಟೇ ಇಲ್ಲ. ಸೆಸ್ನಾ 172ರ ಹಿಂದಿನ ಎರಡು ಕಾಲು ಬರೀ ಉಕ್ಕಿನ ಸ್ಪ್ರಿಂಗು, ಸೋರಲು ಅಲ್ಲಿ ಏನೂ ಇಲ್ಲ, ಮೂಗಿನ ಚಕ್ರಕ್ಕೆ ಮಾತ್ರ ಸ್ಟ್ರಟ್. ಚೆರೋಕಿಗೆ ಮೂರಕ್ಕೆ ಮೂರೂ ಸ್ಟ್ರಟ್‌ಗಳೇ.

ಸ್ಟ್ರಟ್ ಒಳಗೆ ಇರುವುದು ಗ್ಯಾಸು (ಗಾಳಿ ಅಥವಾ ನೈಟ್ರೋಜನ್) ಮತ್ತು ಎಣ್ಣೆ. ಬೈಕಿನ ಮುಂದಿನ ಫೋರ್ಕ್ ಬಿಚ್ಚುವುದನ್ನು ನೋಡಿದವರಿಗೆ ಸುಲಭವಾಗಿ ಅರ್ಥವಾಗುತ್ತದೆ, ಸ್ಪ್ರಿಂಗಿನ ಬದಲು ಇಲ್ಲಿ ಗ್ಯಾಸು ಅಷ್ಟೇ. ವಿಮಾನದ ಭಾರ ಹೊರುವುದು ಗ್ಯಾಸು. ನೆಲ ತಾಗಿದಾಗಿನ ಪೆಟ್ಟನ್ನು ನುಂಗುವುದು ಎಣ್ಣೆ: ಚಕ್ರ ಜೋಡಿಸಿದ ಪಿಸ್ಟನ್ ಮೇಲಕ್ಕೆ ಬಂದಾಗ ಎಣ್ಣೆ ಒಂದು ಸಣ್ಣ ತೂತಿನಲ್ಲಿ ನುಗ್ಗಬೇಕು, ಆ ತಿಕ್ಕಾಟದಲ್ಲಿ ಪೆಟ್ಟಿನ ಶಕ್ತಿ ಶಾಖವಾಗಿ ಹೋಗುತ್ತದೆ.

ಎಡವಟ್ಟು ಆಗುವುದು ಇಲ್ಲೇ. ಇಂಧನ ತುಂಬಿಸಿ, ಜನ-ಸಾಮಾನು ಇಲ್ಲದೆ ನಿಲ್ಲಿಸಿದ ಚೆರೋಕಿಯಲ್ಲಿ ಹಿಂದಿನ ಸ್ಟ್ರಟ್‌ನ ಹೊಳೆಯುವ ಕ್ರೋಮ್ ಪಿಸ್ಟನ್ ಸುಮಾರು 4.5 ಇಂಚು ಹೊರಗೆ ಕಾಣಬೇಕು, ಮೂಗಿನದು 3.25 ಇಂಚು. ಕಾಣದಿದ್ದರೆ ಸುಮ್ನೆ ಒಂದಿಷ್ಟು ಗಾಳಿ ಹೊಡೆದರಾಯ್ತು ಅಂತ ತುಂಬಾ ಜನ ಅಂದುಕೊಳ್ಳುತ್ತಾರೆ. ಗಾಳಿ ಹೊಡೆದರೆ ಎತ್ತರವೇನೋ ಸರಿಯಾಗುತ್ತದೆ. ಆದರೆ ಸೋರಿದ್ದು ಎಣ್ಣೆಯಾಗಿದ್ದರೆ, ಎತ್ತರ ನೋಡಲು ಸರಿ, ಒಳಗೆ ಪೆಟ್ಟು ನುಂಗುವವರೇ ಇಲ್ಲ. ಮುಂದಿನ ಲ್ಯಾಂಡಿಂಗ್‌ನಲ್ಲಿ ವಿಮಾನ ಪುಟಿಯುತ್ತದೆ.

ಇದನ್ನೆಲ್ಲ ಒಳಗೆ ಹಿಡಿದಿಡುವುದು ಓ-ರಿಂಗ್, ಬಳೆಯಂಥ ರಬ್ಬರ್ ಉಂಗುರ. ಡೆನ್ಮಾರ್ಕ್‌ನಲ್ಲಿ ಹುಟ್ಟಿ ಅಮೆರಿಕದಲ್ಲಿ ನೆಲೆಸಿದ್ದ ನೀಲ್ಸ್ ಕ್ರಿಸ್ಟೆನ್ಸೆನ್ 1937ರಲ್ಲಿ ಇದರ ಪೇಟೆಂಟ್‌ಗೆ ಅರ್ಜಿ ಹಾಕಿದಾಗ ಅವರಿಗೆ 72 ವರ್ಷ. ಇದರ ಚಂದ ಏನು ಗೊತ್ತಾ? ತನಗಾಗಿ ಕೊರೆದ ತೋಡಿನಲ್ಲಿ ಕೂರಿಸಿದಾಗ ಉಂಗುರ ಸ್ವಲ್ಪವೇ ಅದುಮಿರುತ್ತದೆ. ಒಳಗೆ ಒತ್ತಡ ಏರಿದಂತೆ ಅದೇ ಒತ್ತಡ ಉಂಗುರವನ್ನು ತೋಡಿನ ಒಂದು ಬದಿಗೆ ತಳ್ಳಿ, ಸಂದಿಯನ್ನು ಇನ್ನೂ ಬಿಗಿಯಾಗಿ ಮುಚ್ಚಿಸುತ್ತದೆ. ಸೋರಿಸಲು ಹೊರಟ ಒತ್ತಡವೇ ಬಾಗಿಲು ಹಾಕುವ ಕೆಲಸಕ್ಕೆ ಸಿಕ್ಕಿಬೀಳುತ್ತದೆ!

ಹಾಗಿದ್ದರೂ ಸೋರುತ್ತದೆ. ವರ್ಷಗಟ್ಟಲೆ ಅದುಮಿಸಿಕೊಂಡ ರಬ್ಬರ್ ಬಿಗಿತ ಕಳೆದುಕೊಳ್ಳುತ್ತದೆ, ತೆಗೆದು ನೋಡಿದರೆ ದುಂಡಗಿನ ಉಂಗುರ ಒಂದು ಕಡೆ ಚಪ್ಪಟೆಯಾಗಿರುತ್ತದೆ. ಹಾರದೆ ನಿಂತೇ ಇರುವ ವಿಮಾನದಲ್ಲೂ ಹೀಗಾಗುತ್ತದೆ. ಇನ್ನೊಂದು ಕಾರಣ ಕ್ರೋಮ್ ಮೇಲೆ ಅಂಟಿದ ಮಣ್ಣು, ಒಣಗಿದ ಹುಳ. ಸ್ಟ್ರಟ್ ಅದುಮಿದಾಗಲೆಲ್ಲ ಅವು ಸೀಲನ್ನು, ಅಂದರೆ ಆ ಉಂಗುರವನ್ನು, ಮರಳು ಕಾಗದದ ಹಾಗೆ ಉಜ್ಜುತ್ತವೆ. ಸ್ಟ್ರಟ್‌ಗೆ ಹಾಕುವ 5606 ಅನ್ನುವ ಕೆಂಪು ಎಣ್ಣೆಯಲ್ಲಿ ಬಟ್ಟೆ ಅದ್ದಿ ಆಗಾಗ ಕ್ರೋಮ್ ಒರೆಸಿ ಅಂತ ಮೆಕ್ಯಾನಿಕ್‌ಗಳು ಹೇಳುವುದು ಇದಕ್ಕೇ. ಆ ಎಣ್ಣೆಗೆ ಉಂಗುರದ ನೈಟ್ರೈಲ್ ರಬ್ಬರ್ ಚೆನ್ನಾಗಿ ಒಗ್ಗುತ್ತದೆ. ದೊಡ್ಡ ಜೆಟ್‌ಗಳಲ್ಲಿ ಬಳಸುವ ಸ್ಕೈಡ್ರಾಲ್ ಅನ್ನುವ ಹೈಡ್ರಾಲಿಕ್ ದ್ರವ ತಾಗಿದರೆ ಮಾತ್ರ ಅದೇ ರಬ್ಬರ್ ಊದಿಕೊಂಡು ಕೆಡುತ್ತದೆ.

ಸೀಲ್ ಬದಲಿಸುವಾಗ ಮೊದಲು ವಿಮಾನವನ್ನು ಜಾಕ್ ಮೇಲೆ ಎತ್ತಿ, ಬಾಲ ಅಲುಗದಂತೆ ಹಿಡಿಸಿ, ಗ್ಯಾಸನ್ನು ನಿಧಾನವಾಗಿ ಪೂರ್ತಿ ಬಿಡಬೇಕು. ಇದರಲ್ಲಿ ಅವಸರ ಮಾಡಿದರೆ ಜೀವಕ್ಕೇ ಕುತ್ತು. ಪಿಸ್ಟನ್ ಕೆಳಗೆ ಜಾರಿ ಬೀಳದಂತೆ ಹಿಡಿದಿರುವುದು ಕತ್ತರಿಯಾಕಾರದ ಎರಡು ತೋಳುಗಳು. ಒತ್ತಡ ಇರುವಾಗಲೇ ಅವುಗಳ ಬೋಲ್ಟ್ ಬಿಚ್ಚಿದರೆ ಪಿಸ್ಟನ್ನು ಚಕ್ರದ ಸಮೇತ ಹೊರಗೆ ಚಿಮ್ಮುತ್ತದೆ.

ಎಣ್ಣೆ ಇಳಿಸಿ, ಬ್ರೇಕ್ ಪೈಪ್ ಕಳಚಿ, ಪಿಸ್ಟನ್ ಹೊರತೆಗೆದ ಮೇಲೆ ಉಳಿದ ಕೆಲಸ ಕೈಚಳಕದ್ದು. ಪಿಸ್ಟನ್ ಜಾರುವ ಕೆಳಗಿನ ಬೇರಿಂಗಿಗೆ ಒಂದಲ್ಲ, ಎರಡು ಉಂಗುರ. ಹೊರಗಿನದು ಸಿಲಿಂಡರ್ ಗೋಡೆಗೆ ಒತ್ತಿ ಸುಮ್ಮನೆ ಕೂತಿರುತ್ತದೆ, ಒಳಗಿನದರ ಮೈಮೇಲೆ ಪಿಸ್ಟನ್ ಜಾರುತ್ತಿರುತ್ತದೆ. ಸವೆಯುವುದು ಜಾಸ್ತಿ ಒಳಗಿನದೇ ಆದರೂ ಎರಡನ್ನೂ ಬದಲಿಸದೆ ಮುಚ್ಚುವುದು ದಡ್ಡತನ. ಹಳೆಯದನ್ನು ಸ್ಕ್ರೂಡ್ರೈವರ್‌ನಿಂದ ಮೀಟಿದರೆ ತೋಡಿನಲ್ಲಿ ಗೀರು ಬೀಳುತ್ತದೆ, ಆ ಗೀರೇ ಎಣ್ಣೆಗೆ ದಾರಿ. ಮರದ ಅಥವಾ ಪ್ಲಾಸ್ಟಿಕ್ ಕಡ್ಡಿ ಸಾಕು. ಹೊಸದನ್ನು ಎಣ್ಣೆ ಹಚ್ಚಿ, ತಿರುಚದಂತೆ ಕೂರಿಸಬೇಕು. ಆಮೇಲೆ ಕ್ರೋಮ್ ಮೇಲೆ ಉಗುರು ಎಳೆದು ನೋಡಿ. ಎಲ್ಲಾದರೂ ಉಗುರು ಸಿಕ್ಕಿಕೊಂಡರೆ ಹೊಸ ಸೀಲ್ ಕೂಡ ಜಾಸ್ತಿ ದಿನ ಬಾಳುವುದಿಲ್ಲ.

ಅಮೆರಿಕದ ನಿಯಮದ ಪ್ರಕಾರ ಸ್ಟ್ರಟ್‌ಗೆ ಎಣ್ಣೆ, ಗಾಳಿ ತುಂಬುವುದನ್ನು ಪೈಲಟ್ ಲೈಸೆನ್ಸ್ ಇರುವ ಮಾಲೀಕರೇ ಮಾಡಿಕೊಳ್ಳಬಹುದು, ಆದರೆ ಬಿಚ್ಚಿ ಸೀಲ್ ಹಾಕಲು ಲೈಸೆನ್ಸ್ ಇರುವ ಮೆಕ್ಯಾನಿಕ್ ಬೇಕು. ಸರಿಯಾದ ನಿಯಮವೇ, ಆದರೆ ವರ್ಷಗಟ್ಟಲೆ ಗಾಳಿ ಹೊಡೆದುಕೊಂಡೇ ಕಾಲ ತಳ್ಳುವ ಚಾಳಿಗೆ ಇದೂ ಒಂದು ಕಾರಣ ಅಂತ ನನಗೆ ಗುಮಾನಿ.

ಎಲ್ಲ ಜೋಡಿಸಿದ ಮೇಲೆ ಮೊದಲು ಎಣ್ಣೆ. ಮೇಲಿನ ವಾಲ್ವ್‌ಗೆ ಪಾರದರ್ಶಕ ಪೈಪ್ ಸಿಕ್ಕಿಸಿ, ಇನ್ನೊಂದು ತುದಿಯನ್ನು ಎಣ್ಣೆ ಡಬ್ಬಿಯಲ್ಲಿ ಮುಳುಗಿಸಿ, ಗುಳ್ಳೆ ಬರುವುದು ನಿಲ್ಲುವವರೆಗೂ ಚಕ್ರವನ್ನು ಮೇಲೆ ಕೆಳಗೆ ಆಡಿಸುತ್ತಾರೆ. ಆಮೇಲೆ ಒಣ ನೈಟ್ರೋಜನ್. ಕೊನೆಗೆ ರೆಕ್ಕೆಯನ್ನು ನಾಲ್ಕು ಸಲ ಕುಲುಕಿ, ಹೊಸ ಸೀಲಿನ ಹಿಡಿತ ಸಡಿಲವಾದ ಮೇಲೆಯೇ ಸ್ಕೇಲ್ ಹಿಡಿದು ಆ 4.5 ಇಂಚು ಅಳೆಯಬೇಕು.