ಎನ್‌ಸೇಡ್: ನಾಯಿಯ ನೋವಿನ ಮಾತ್ರೆಗೂ ವಾಂತಿಗೂ ಇರುವ ನಂಟು

"ಬೆಳಗ್ಗೆ ಮಾತ್ರೆ ಕೊಟ್ಟಿದ್ದೀರಾ?"

ಫೋನಿನಲ್ಲಿ ಡಾಕ್ಟರ್ ಮೊದಲು ಕೇಳಿದ್ದು ಇದನ್ನೇ. ಎಷ್ಟು ಸಲ ವಾಂತಿ ಆಯಿತು, ಏನು ತಿಂದಿದ್ದಳು ಅನ್ನುವುದೆಲ್ಲ ಆಮೇಲೆ ಬಂತು.

ನಮ್ಮ ರಾಣಿಗೆ ಆಗ ಹನ್ನೊಂದು ವರ್ಷ. ಸೊಂಟದ ಕೀಲು ಸವೆದು, ಏಳುವಾಗೆಲ್ಲ ಕುಂಯ್ ಅನ್ನುತ್ತಿದ್ದಳು. ನೋವಿಗೆ ಅಂತ ದಿನಕ್ಕೊಂದು ಮಾತ್ರೆ ಶುರುವಾಗಿತ್ತು. ಮೂರು ದಿನ ಚೆನ್ನಾಗಿದ್ದಳು, ಬಿಟ್ಟೇಬಿಟ್ಟಿದ್ದ ಮೆಟ್ಟಿಲನ್ನೂ ಹತ್ತಿದಳು. ನಾಲ್ಕನೇ ದಿನ ರಾತ್ರಿ ಎರಡು ಸಲ ಕಕ್ಕಿದಳು. ಹುಲ್ಲು ತಿಂದಿರಬೇಕು ಅಂದುಕೊಂಡು ನೆಲ ಒರೆಸಿ ಮಲಗಿದೆ. ಬೆಳಗ್ಗೆ ಅವಳು ತಟ್ಟೆಯ ಕಡೆ ತಿರುಗಿಯೂ ನೋಡಲಿಲ್ಲ. ಆದರೂ ಮಾತ್ರೆ ತಪ್ಪಬಾರದು ಅನ್ನುವ ಭಯಕ್ಕೆ ಬಾಯಿ ಬಿಡಿಸಿ ನುಂಗಿಸಿದೆ. ಮಧ್ಯಾಹ್ನ ಮತ್ತೆ ಕಕ್ಕಿದಾಗ ಅದರಲ್ಲಿ ಕಂದು ಬಣ್ಣದ ಸಣ್ಣ ಸಣ್ಣ ಚೂರುಗಳಿದ್ದವು. ಕಾಫಿ ಸೋಸಿದ ಮೇಲೆ ಉಳಿಯುವ ಚರಟದ ಹಾಗೆ.

ಅದು ರಕ್ತ. ಹೊಟ್ಟೆಯ ಆಮ್ಲಕ್ಕೆ ಸಿಕ್ಕ ರಕ್ತ ಕೆಂಪಾಗಿ ಉಳಿಯುವುದಿಲ್ಲ, ಹೀಗೆ ಕಂದಾಗುತ್ತದೆ. "ನೀವು ಕೊಟ್ಟಿದ್ದು ಎನ್‌ಸೇಡ್. ವಾಂತಿ ಶುರುವಾದ ಮೇಲೆ ಮುಂದಿನದ್ದು ಕೊಡಬಾರದಿತ್ತು, ಈಗಲೇ ಕರೆದುಕೊಂಡು ಬನ್ನಿ," ಅಂದರು ಡಾಕ್ಟರ್. ಆ ಪದ ನನಗೆ ಆವತ್ತು ಹೊಸದು. ಮಾತ್ರೆ ಶುರುಮಾಡುವ ಮೊದಲೇ ಗೊತ್ತಿದ್ದರೆ ಆ ಬೆಳಗಿನ ಒಂದು ಮಾತ್ರೆಯಾದರೂ ತಪ್ಪುತ್ತಿತ್ತು.

ಎನ್‌ಸೇಡ್ ಅನ್ನುವುದು ಕೆಲವು ಇಂಗ್ಲಿಷ್ ಪದಗಳ ಮೊದಲಕ್ಷರ ಜೋಡಿಸಿ ಮಾಡಿದ ಹೆಸರು. ಬಿಡಿಸಿ ಹೇಳಿದರೆ, ಸ್ಟೀರಾಯ್ಡ್ ಅಲ್ಲದ, ಉರಿಯೂತ ಇಳಿಸುವ ಔಷಧ. ಉರಿಯೂತ ಅಂದರೆ ಪೆಟ್ಟು ಬಿದ್ದ ಇಲ್ಲವೇ ಸವೆದ ಜಾಗ ಬಿಸಿಯಾಗಿ, ಊದಿ, ನೋಯುವುದು. ಅದನ್ನು ಇಳಿಸುವ ಇನ್ನೊಂದು ಬಲವಾದ ಗುಂಪು ಸ್ಟೀರಾಯ್ಡುಗಳದ್ದು. ಅವು ಬೇರೆ, ಇವು ಬೇರೆ ಅಂತ ತೋರಿಸುವುದಕ್ಕೆ ಹೆಸರಿನೊಳಗೇ ಈ 'ಅಲ್ಲದ' ಸೇರಿದೆ. ಐಬುಪ್ರೊಫೆನ್, ಡೈಕ್ಲೊಫೆನಾಕ್, ನ್ಯಾಪ್ರೊಕ್ಸೆನ್, ಆಸ್ಪಿರಿನ್ ನಾವು ನುಂಗುವ ಎನ್‌ಸೇಡ್‌ಗಳು. ಕಾರ್ಪ್ರೊಫೆನ್, ಫಿರೊಕಾಕ್ಸಿಬ್, ರೊಬೆನಕಾಕ್ಸಿಬ್ ನಾಯಿಗಳಿಗೆ ಕೊಡುವಂಥವು. ಮೆಲಾಕ್ಸಿಕಾಮ್ ಇಬ್ಬರಿಗೂ ಇದೆ. ಗೊಂದಲ ಹುಟ್ಟುವುದೂ ಅಲ್ಲೇ, ಆ ಮಾತಿಗೆ ಮುಂದೆ ಬರುತ್ತೇನೆ.

ಈ ಮಾತ್ರೆ ಒಳಗೆ ಹೋಗಿ ಮಾಡುವುದೇನು? ಇದಕ್ಕೆ ಇನ್ನೊಂದು ಪದ ಬೇಕು, ಪ್ರೊಸ್ಟಗ್ಲಾಂಡಿನ್. 1935ರಲ್ಲಿ ಸ್ವೀಡನ್ನಿನ ವಿಜ್ಞಾನಿ ಉಲ್ಫ್ ಫಾನ್ ಆಯ್ಲರ್ ವೀರ್ಯದ್ರವದಲ್ಲಿ ಸಿಕ್ಕ ಒಂದು ವಸ್ತುವಿಗೆ ಈ ಹೆಸರಿಟ್ಟರು. ಪ್ರಾಸ್ಟೇಟ್ ಗ್ರಂಥಿಯಿಂದ ಬಂದಿರಬೇಕು ಅನ್ನುವುದು ಅವರ ಊಹೆ. ಆಮೇಲೆ ನೋಡಿದರೆ ಅದು ಮೈಯಲ್ಲಿ ಹೆಚ್ಚುಕಡಿಮೆ ಎಲ್ಲ ಕಡೆ ತಯಾರಾಗುವ ವಸ್ತು. 1971ರಲ್ಲಿ ಬ್ರಿಟನ್ನಿನ ಜಾನ್ ವೇನ್, ಆಸ್ಪಿರಿನ್‌ನಂಥ ಔಷಧಗಳು ಈ ಪ್ರೊಸ್ಟಗ್ಲಾಂಡಿನ್ ತಯಾರಾಗುವುದನ್ನೇ ತಡೆಯುತ್ತವೆ ಎಂದು ತೋರಿಸಿದರು. 1982ರ ನೊಬೆಲ್ ಬಹುಮಾನದಲ್ಲಿ ಅವರಿಗೆ ಪಾಲು ಬಂತು.

ಸವೆದ ಕೀಲಿನಲ್ಲಿ ಪ್ರೊಸ್ಟಗ್ಲಾಂಡಿನ್ ನೋವು, ಊತ ಹೆಚ್ಚಿಸುತ್ತದೆ. ಅಲ್ಲಿ ಅದನ್ನು ತಡೆದರೆ ನಾಯಿಗೆ ಹಾಯೆನಿಸುತ್ತದೆ. ಆದರೆ ಇದೇ ಪ್ರೊಸ್ಟಗ್ಲಾಂಡಿನ್ ಹೊಟ್ಟೆಯಲ್ಲಿ ಕಾವಲು ಕಾಯುತ್ತದೆ. ಹೊಟ್ಟೆಯ ಒಳಗೋಡೆಗೆ ಲೋಳೆಯ ಹೊದಿಕೆ ಹೊದಿಸುವುದು, ಆಮ್ಲ ತಾಗದಂತೆ ನೋಡುವುದು, ಆ ಗೋಡೆಗೆ ರಕ್ತ ಸರಿಯಾಗಿ ಹರಿಯುವಂತೆ ಮಾಡುವುದು ಅದರ ಕೆಲಸ. ಕಿಡ್ನಿಗೂ ಬೇಕು. ಮೈಯಲ್ಲಿ ನೀರು ಕಡಿಮೆಯಾದಾಗ ಕಿಡ್ನಿಗೆ ಹೋಗುವ ರಕ್ತ ಪೂರ್ತಿ ಇಳಿಯದಂತೆ ಹಿಡಿದಿಡುವುದರಲ್ಲಿ ಅದರ ಪಾಲು ದೊಡ್ಡದು. ನಾವು 'ನೋವಿನ ಮಾತ್ರೆ' ಅನ್ನುತ್ತೇವೆ, ಅದು ನೋಯುವ ಕಡೆಗೆ ಮಾತ್ರ ಹೋಗುತ್ತದೆ ಅಂದುಕೊಳ್ಳುತ್ತೇವೆ. ಮಾತ್ರೆಗೆ ಹಾಗೆ ವಿಳಾಸ ಇರುವುದಿಲ್ಲ. ರಕ್ತದಲ್ಲಿ ಸೇರಿ ಕೀಲಿಗೂ ಹೋಗುತ್ತದೆ, ಹೊಟ್ಟೆಗೂ ಹೋಗುತ್ತದೆ, ಕಿಡ್ನಿಗೂ ಹೋಗುತ್ತದೆ.

ಈಗ ವಾಂತಿಯನ್ನು ಇದರ ಪಕ್ಕದಲ್ಲಿಟ್ಟು ನೋಡಿ. ಎನ್‌ಸೇಡ್ ತಿನ್ನುತ್ತಿರುವ ನಾಯಿ ಕಕ್ಕಿದರೆ, ಹೊಟ್ಟೆಯ ಗೋಡೆ ಸೋಲುತ್ತಿದೆ ಅನ್ನುವುದರ ಮೊದಲ ಸುಳಿವು ಅದಾಗಿರಬಹುದು. ಮತ್ತೆ ಮತ್ತೆ ಕಕ್ಕಿದರೆ ಮೈಯ ನೀರು ಇಳಿಯುತ್ತದೆ. ನೀರು ಇಳಿದ ಹೊತ್ತಿನಲ್ಲೇ ಕಿಡ್ನಿಗೆ ಪ್ರೊಸ್ಟಗ್ಲಾಂಡಿನ್ ಹೆಚ್ಚು ಬೇಕು. ಆಗ ಇನ್ನೊಂದು ಮಾತ್ರೆ ಕೊಟ್ಟರೆ ಅದನ್ನೂ ಕಿತ್ತುಕೊಂಡ ಹಾಗೆ. ಮಾತ್ರೆ ತಪ್ಪಬಾರದು ಅಂತ ನಾನು ಹಟ ಹಿಡಿದ ಆ ಬೆಳಗ್ಗೆ ರಾಣಿಯ ಮೈಯೊಳಗೆ ಇದೇ ನಡೆದಿದ್ದು. ಒಂದು ದಿನ ಮಾತ್ರೆ ಬಿಟ್ಟಿದ್ದರೆ ಅವಳಿಗೆ ಕಾಲು ನೋಯುತ್ತಿತ್ತು, ಅಷ್ಟೇ.

ಊಟದ ಜೊತೆ ಕೊಟ್ಟರೆ ಏನೂ ಆಗುವುದಿಲ್ಲ ಎಂದು ತುಂಬ ಜನ ನಂಬಿದ್ದಾರೆ. ಊಟದ ಜೊತೆ ಕೊಡುವುದು ಒಳ್ಳೆಯದೇ, ಮಾತ್ರೆ ನೇರವಾಗಿ ಹೊಟ್ಟೆಯನ್ನು ಕೆರಳಿಸುವುದು ಕಡಿಮೆಯಾಗುತ್ತದೆ. ಆದರೆ ದೊಡ್ಡ ಪೆಟ್ಟು ಬರುವುದು ರಕ್ತದ ದಾರಿಯಲ್ಲಿ. ಇಂಜೆಕ್ಷನ್ ರೂಪದಲ್ಲಿ ಕೊಟ್ಟ ಎನ್‌ಸೇಡ್ ಕೂಡ ಹೊಟ್ಟೆಯಲ್ಲಿ ಹುಣ್ಣು ಮಾಡಬಲ್ಲದು. ಹಾಗಾಗಿ ಊಟದ ಜೊತೆ ಕೊಟ್ಟೆ ಅಂತ ವಾಂತಿಯನ್ನು ಕಡೆಗಣಿಸುವ ಹಾಗಿಲ್ಲ.

ಮನುಷ್ಯರ ಮಾತ್ರೆಯ ವಿಷಯಕ್ಕೆ ಬರೋಣ. ನನಗೆ ತುಂಬ ಹೆದರಿಕೆ ಇರುವುದು ಇದರ ಬಗ್ಗೆಯೇ, ಯಾಕೆಂದರೆ ಇಲ್ಲಿ ತಪ್ಪು ನಡೆಯುವುದು ಪ್ರೀತಿಯಿಂದ. ನಾಯಿ ಕುಂಟುತ್ತಿದೆ, ರಾತ್ರಿಯಾಗಿದೆ, ಡ್ರಾಯರಿನಲ್ಲಿ ಐಬುಪ್ರೊಫೆನ್ ಇದೆ. ಒಂದೇ ಒಂದು ಮಾತ್ರೆ ತಾನೇ ಅನ್ನಿಸುತ್ತದೆ. ಲೆಕ್ಕ ಹಾಕಿ ನೋಡಿ. 400 ಮಿಲಿಗ್ರಾಂ ಮಾತ್ರೆಯನ್ನು 60 ಕಿಲೋ ತೂಗುವವರು ನುಂಗಿದರೆ ಮೈತೂಕದ ಕಿಲೋಗೆ 7 ಮಿಲಿಗ್ರಾಂ ಕೂಡ ಬೀಳುವುದಿಲ್ಲ. 10 ಕಿಲೋ ನಾಯಿಗೆ ಅದೇ ಮಾತ್ರೆ ಕಿಲೋಗೆ 40 ಮಿಲಿಗ್ರಾಂ. ನಾಯಿಗಳಲ್ಲಿ 25 ದಾಟಿದ ಮೇಲೆ ವಾಂತಿ, ಹೊಟ್ಟೆ ಹುಣ್ಣು ಸಾಮಾನ್ಯ. ದಿನಾ ಕೊಟ್ಟರೆ ಅದಕ್ಕಿಂತ ಎಷ್ಟೋ ಕಡಿಮೆ ಪ್ರಮಾಣವೂ ಹುಣ್ಣು ಮಾಡುತ್ತದೆ. ಸುಮಾರು 175 ದಾಟಿದರೆ ಕಿಡ್ನಿಯೇ ಕೈಕೊಡಬಹುದು. ಪುಟ್ಟ ನಾಯಿಯೊಂದು ಸ್ಟ್ರಿಪ್ ಕಚ್ಚಿ ಎರಡು ಮೂರು ಮಾತ್ರೆ ನುಂಗಿದರೆ ಅಲ್ಲಿಗೆ ಮುಟ್ಟುವುದು ಕಷ್ಟವೇನಲ್ಲ.

ತೂಕದ ಲೆಕ್ಕ ಸರಿಮಾಡಿಕೊಂಡರೂ ಸಾಲುವುದಿಲ್ಲ. ನಾಯಿಯ ಮೈ ಈ ಔಷಧಗಳನ್ನು ನಮ್ಮ ಹಾಗೆ ಹೊರಗೆ ಹಾಕುವುದಿಲ್ಲ. ನ್ಯಾಪ್ರೊಕ್ಸೆನ್ ನಮ್ಮ ರಕ್ತದಲ್ಲಿ ಅರ್ಧಕ್ಕೆ ಇಳಿಯುವುದಕ್ಕೆ 12ರಿಂದ 17 ಗಂಟೆ ಸಾಕು. ನಾಯಿಯಲ್ಲಿ ಅದಕ್ಕೆ ಸುಮಾರು 74 ಗಂಟೆ, ಅಂದರೆ ಮೂರು ದಿನ. ಇವತ್ತಿನದ್ದು ಹೋಗುವ ಮೊದಲೇ ನಾಳೆಯದ್ದು, ನಾಡಿದ್ದಿನದ್ದು ಮೇಲೆ ಬಂದು ಕೂರುತ್ತದೆ. ಇನ್ನು ಮೆಲಾಕ್ಸಿಕಾಮ್. ಹೆಸರು ಒಂದೇ, ಔಷಧವೂ ಒಂದೇ. ಮನುಷ್ಯರ ಮಾತ್ರೆ 7.5 ಅಥವಾ 15 ಮಿಲಿಗ್ರಾಂ ಇರುತ್ತದೆ. ನಾಯಿಗೆ ಮೊದಲ ದಿನದ ನಂತರ ಸಾಮಾನ್ಯವಾಗಿ ಹೇಳುವ ಅಳತೆ ದಿನಕ್ಕೆ ಕಿಲೋಗೆ 0.1 ಮಿಲಿಗ್ರಾಂ. 5 ಕಿಲೋ ನಾಯಿಗೆ ಅರ್ಧ ಮಿಲಿಗ್ರಾಂ ಆಯಿತು. ನಮ್ಮ ಅತಿ ಸಣ್ಣ ಮಾತ್ರೆಯೇ ಅದಕ್ಕೆ ಹದಿನೈದು ಪಟ್ಟು! ಚಾಕುವಿನಲ್ಲಿ ಕತ್ತರಿಸಿ ಸರಿಮಾಡುವ ಲೆಕ್ಕವಲ್ಲ ಇದು.

ಪ್ಯಾರಾಸಿಟಮಾಲ್ ಎನ್‌ಸೇಡ್ ಗುಂಪಿಗೆ ಸೇರುವುದಿಲ್ಲ. ಹಾಗಂತ ಕೊಡಬಹುದು ಅಂತಲ್ಲ. ಜಾಸ್ತಿಯಾದರೆ ನಾಯಿಯ ಲಿವರ್ ಹಾಳುಮಾಡುತ್ತದೆ, ರಕ್ತ ಆಮ್ಲಜನಕ ಹೊರುವುದಕ್ಕೂ ತೊಂದರೆ ಕೊಡುತ್ತದೆ. ಬೆಕ್ಕಿಗಂತೂ ಒಂದೇ ಮಾತ್ರೆ ಪ್ರಾಣ ತೆಗೆಯಬಹುದು. ನೋವಿಗೆ ಹಚ್ಚುವ ಜೆಲ್‌ಗಳಲ್ಲೂ ಡೈಕ್ಲೊಫೆನಾಕ್ ಇರುತ್ತದೆ. ನಿಮ್ಮ ಮಂಡಿಗೆ ಹಚ್ಚಿಕೊಂಡದ್ದನ್ನು ನಾಯಿ ನೆಕ್ಕಿದರೂ ಅದು ಹೊಟ್ಟೆಗೆ ಹೋದ ಹಾಗೆಯೇ ಅಲ್ವಾ?

ಹಾಗಾದರೆ ನಾಯಿಗೆಂದೇ ಇರುವ ಎನ್‌ಸೇಡ್ ಸುರಕ್ಷಿತವೇ? ತೂಕ ನೋಡಿ, ರಕ್ತ ಪರೀಕ್ಷೆ ಮಾಡಿ ಕೊಟ್ಟರೆ ಬಹಳಷ್ಟು ನಾಯಿಗಳು ವರ್ಷಗಟ್ಟಲೆ ಚೆನ್ನಾಗಿರುತ್ತವೆ. ಕೀಲುನೋವಿನ ಮುದಿ ನಾಯಿಗೆ ಇದು ದೊಡ್ಡ ಉಪಕಾರ, ಹೆದರಿ ಬಿಟ್ಟುಬಿಡಿ ಅಂತ ನಾನು ಹೇಳುತ್ತಿಲ್ಲ. ಆದರೆ ಅಪಾಯ ಕಡಿಮೆಯಾಗುತ್ತದೆ, ಸೊನ್ನೆಯಾಗುವುದಿಲ್ಲ. ಅದಕ್ಕೇ ಶುರುಮಾಡುವ ಮೊದಲು ಕಿಡ್ನಿ, ಲಿವರ್ ನೋಡುತ್ತಾರೆ, ಕೆಲವು ವಾರ ಬಿಟ್ಟು ಮತ್ತೆ ನೋಡುತ್ತಾರೆ. ಎರಡು ಎನ್‌ಸೇಡ್ ಒಟ್ಟಿಗೆ ಕೊಡುವ ಹಾಗೇ ಇಲ್ಲ. ಎನ್‌ಸೇಡ್ ಜೊತೆಗೆ ಪ್ರೆಡ್ನಿಸೊಲೋನ್‌ನಂಥ ಸ್ಟೀರಾಯ್ಡ್ ಸೇರಿದರೆ ಹೊಟ್ಟೆಯ ಹುಣ್ಣು ತೂತಾಗುವ ಮಟ್ಟಕ್ಕೂ ಹೋಗಬಹುದು. ಹೆಸರಲ್ಲಿ 'ಅಲ್ಲದ' ಅಂತ ಬೇರೆ ಮಾಡಿಟ್ಟ ಎರಡು ಗುಂಪು, ನಾಯಿಯ ಹೊಟ್ಟೆಯಲ್ಲೂ ಬೇರೆಯಾಗಿಯೇ ಇರಬೇಕು. ತುರಿಕೆಗೆ ಅಂತ ಇನ್ನೊಬ್ಬ ಡಾಕ್ಟರ್ ಮಾತ್ರೆ ಬರೆದುಕೊಡುವಾಗ, ನೋವಿಗೆ ಇದು ನಡೆಯುತ್ತಿದೆ ಅಂತ ಬಾಯಿಬಿಟ್ಟು ಹೇಳಿ. ಆ ತುರಿಕೆ ಮಾತ್ರೆ ಸ್ಟೀರಾಯ್ಡೇ ಆಗಿರಬಹುದು.

ಯಾವ ಮಾತ್ರೆಯನ್ನೂ ತಿನ್ನದ ನಾಯಿಯೂ ಕಕ್ಕುತ್ತದೆ. ಬೆಳಗ್ಗೆ ಖಾಲಿ ಹೊಟ್ಟೆಯಲ್ಲಿ ಒಂದಿಷ್ಟು ಹಳದಿ ಪಿತ್ತ, ಗಬಗಬ ತಿಂದು ವಾಪಸ್ ಹಾಕಿದ್ದು, ಹುಲ್ಲು. ಒಮ್ಮೆ ಕಕ್ಕಿ, ಬಾಲ ಆಡಿಸಿಕೊಂಡು ನೀರು ಕುಡಿದು, ಮತ್ತೆ ಊಟ ಕೇಳಿದರೆ ಸುಮ್ನೆ ಕಣ್ಣಿಟ್ಟರೆ ಸಾಕು. ಹೊಟ್ಟೆಯನ್ನು ಒಳಕ್ಕೆಳೆದು ಎಳೆದು ಓಕರಿಸಿ ಕಕ್ಕಿತೋ, ತಲೆ ಬಗ್ಗಿಸಿದ ಕೂಡಲೇ ತಿಂದದ್ದು ತಿಂದ ಹಾಗೇ ಜಾರಿ ಬಿತ್ತೋ ಅಂತಲೂ ನೋಡಿಕೊಳ್ಳಿ. ಎರಡನೆಯದು ವಾಂತಿಯಲ್ಲ, ಅನ್ನನಾಳದ ತೊಂದರೆ ಇರಬಹುದು. ಡಾಕ್ಟರಿಗೆ ಈ ವ್ಯತ್ಯಾಸ ಬಹಳ ಸಹಾಯಕ್ಕೆ ಬರುತ್ತದೆ. ಒಂದು ವಿಡಿಯೋ ಮಾಡಿಟ್ಟುಕೊಂಡರೆ ಇನ್ನೂ ಒಳ್ಳೆಯದು.

ತಡಮಾಡಬಾರದ ವಾಂತಿ ಬೇರೆ. ಒಂದೇ ದಿನದಲ್ಲಿ ಮೂರು ನಾಲ್ಕು ಸಲ ಆದರೆ, ಕುಡಿದ ನೀರೂ ನಿಲ್ಲದಿದ್ದರೆ, ಕೆಂಪು ರಕ್ತವೋ ಕಾಫಿ ಚರಟದಂಥದ್ದೋ ಕಂಡರೆ, ಮಲ ಟಾರಿನ ಹಾಗೆ ಕಪ್ಪಾಗಿ ಅಂಟಂಟಾಗಿ ಬಂದರೆ ಹೊರಡಿ. ಮುಂಗಾಲು ನೆಲಕ್ಕೆ ಚಾಚಿ ಸೊಂಟ ಮೇಲೆತ್ತಿ ನಿಂತಿದ್ದರೆ ಹೊಟ್ಟೆ ನೋವು ಜೋರಿದೆ ಅಂತ. ಮರಿಗಳಲ್ಲಿ ವಾಂತಿ ಜೊತೆಗೆ ಭೇದಿ ಸೇರಿದರೆ ಪಾರ್ವೊ ಅನ್ನುವ ವೈರಸ್ ಸೋಂಕು ಇರಬಹುದು, ಒಂದು ರಾತ್ರಿ ಕಾಯುವುದೂ ತಪ್ಪು. ಇವೆಲ್ಲಕ್ಕಿಂತ ಅವಸರದ್ದು ಏನೂ ಹೊರಗೆ ಬರದ ಓಕರಿಕೆ. ನಾಯಿ ಕಕ್ಕುವುದಕ್ಕೆ ಒದ್ದಾಡುತ್ತದೆ, ಬರೀ ನೊರೆ ಬರುತ್ತದೆ, ಹೊಟ್ಟೆ ಬಿಗಿದು ಉಬ್ಬುತ್ತದೆ, ಕೂರಲಾರದೆ ನಿಲ್ಲಲಾರದೆ ತಿರುಗಾಡುತ್ತದೆ. ಜಠರ ಗಾಳಿ ತುಂಬಿ ತಿರುಚಿಕೊಂಡಿರಬಹುದು. ಎದೆ ಆಳವಾಗಿರುವ ದೊಡ್ಡ ತಳಿಗಳಲ್ಲಿ ಇದು ಜಾಸ್ತಿ. ಆಪರೇಷನ್ ಆಗದೆ ಉಳಿಯುವುದಿಲ್ಲ, ಕೈಯಲ್ಲಿರುವುದು ಕೆಲವೇ ಗಂಟೆ.

ಮನೆಯಲ್ಲೇ ನೋಡಬಹುದಾದ ಒಂದು ಗುರುತಿದೆ. ತುಟಿ ಎತ್ತಿ ವಸಡನ್ನು ಬೆರಳಿನಿಂದ ಒತ್ತಿ ಬಿಡಿ. ಬಿಳಿಚಿದ ಜಾಗ ಎರಡು ಸೆಕೆಂಡಿನೊಳಗೆ ಮತ್ತೆ ಗುಲಾಬಿಯಾಗಬೇಕು. ವಸಡು ಒದ್ದೆಯಾಗಿ ಜಾರಬೇಕು. ಬೆರಳಿಗೆ ಅಂಟಿದರೆ ಮೈಯಲ್ಲಿ ನೀರು ಕಡಿಮೆ, ಪೂರ್ತಿ ಬಿಳಿಚಿದ್ದರೆ ಒಳಗೆಲ್ಲೋ ರಕ್ತ ಸೋರುತ್ತಿರಬಹುದು. ಕೆಲವು ನಾಯಿಗಳ ವಸಡು ಹುಟ್ಟಿನಿಂದಲೇ ಕಪ್ಪು. ಅಂಥವುಗಳಲ್ಲಿ ಕೆಳಗಿನ ರೆಪ್ಪೆಯನ್ನು ಮೆಲ್ಲಗೆ ಎಳೆದು ಒಳಭಾಗದ ಬಣ್ಣ ನೋಡಬಹುದು. ಆರೋಗ್ಯವಾಗಿದ್ದಾಗಲೇ ಒಮ್ಮೆ ನೋಡಿಟ್ಟುಕೊಳ್ಳಿ, ಕಾಯಿಲೆ ಬಿದ್ದಾಗ ಹೋಲಿಸಬಹುದು.

ಎನ್‌ಸೇಡ್ ತಿನ್ನುವ ನಾಯಿಯಲ್ಲಿ ಮಾತ್ರ ಇಷ್ಟೆಲ್ಲ ಕಾಯುವ ಹಾಗಿಲ್ಲ. ಒಂದೇ ಸಲ ಕಕ್ಕಿದರೂ ಮುಂದಿನ ಮಾತ್ರೆ ಪ್ಯಾಕೆಟ್ಟಿನಲ್ಲೇ ಇರಲಿ. ಊಟ ಬಿಟ್ಟರೂ ಅಷ್ಟೇ. ತುಟಿ ನೆಕ್ಕಿಕೊಳ್ಳುತ್ತಾ ಜೊಲ್ಲು ಸುರಿಸುತ್ತಾ ಮೂಲೆ ಹಿಡಿದರೂ ಅಷ್ಟೇ. ಡಾಕ್ಟರಿಗೆ ಫೋನ್ ಮಾಡಿ, ಅವರು ಕೊಡಿ ಅಂದ ಮೇಲೆ ಕೊಡಿ. ಕೆಲವು ಹುಣ್ಣುಗಳು ವಾಂತಿಯನ್ನೇ ಮಾಡಿಸದೆ ಒಳಗೊಳಗೇ ಬೆಳೆಯುತ್ತವೆ. ಅದಕ್ಕೇ ಮಂಕಾದ ನಾಯಿಯ ಮಲದ ಬಣ್ಣವನ್ನೂ ನೋಡಬೇಕು.

ನಾಯಿ ಮಾತ್ರೆಯ ಡಬ್ಬಿಗೇ ಬಾಯಿ ಹಾಕಿದ್ದರೆ ನೀವಾಗಿ ಕಕ್ಕಿಸಲು ಹೋಗಬೇಡಿ. ಉಪ್ಪುನೀರು ಕುಡಿಸುವುದಂತೂ ಬೇಡವೇ ಬೇಡ, ಉಪ್ಪೇ ವಿಷವಾಗಬಹುದು. ನಾಯಿಗೆ ಇಷ್ಟವಾಗಲಿ ಅಂತ ಕೆಲವು ಮಾತ್ರೆಗಳನ್ನು ಮಾಂಸದ ರುಚಿಯಲ್ಲಿ ಮಾಡಿರುತ್ತಾರೆ, ಡಬ್ಬಿ ಸಿಕ್ಕರೆ ತಿಂಡಿಯ ಹಾಗೆ ಪೂರ್ತಿ ಖಾಲಿ ಮಾಡುತ್ತವೆ. ಖಾಲಿ ಸ್ಟ್ರಿಪ್ಪು, ಡಬ್ಬಿ ಏನಿದೆಯೋ ಅದನ್ನೇ ಹಿಡಿದುಕೊಂಡು ಹೋಗಿ. ಯಾವ ಔಷಧ, ಎಷ್ಟು ಮಿಲಿಗ್ರಾಂ, ಎಷ್ಟು ಉಳಿದಿದೆ, ಎಷ್ಟು ಹೊತ್ತಾಯಿತು, ನಾಯಿಯ ತೂಕ ಎಷ್ಟು ಅನ್ನುವುದು ಗೊತ್ತಾದರೆ ಅವರ ಅರ್ಧ ಕೆಲಸ ಆದ ಹಾಗೆ.

ರಾಣಿಗೆ ಎರಡು ದಿನ ಡ್ರಿಪ್ ಹಾಕಿದರು, ಹುಣ್ಣು ಮಾಯುವ ಔಷಧ ಕೊಟ್ಟರು. ಕಿಡ್ನಿ ಉಳಿದಿತ್ತು. ನೋವಿಗೆ ಗ್ಯಾಬಪೆಂಟಿನ್‌ಗೆ ಬದಲಾಯಿಸಿದರು, ಅದು ಎನ್‌ಸೇಡ್ ಅಲ್ಲ. ಬರೆದುಕೊಡುವಾಗ ಡಾಕ್ಟರ್ ಒಂದು ಮಾತು ಒತ್ತಿ ಹೇಳಿದರು. ಮನುಷ್ಯರಿಗೆ ಮಾಡಿದ ಇದರ ಸಿರಪ್ಪಿನಲ್ಲಿ ಸಿಹಿಗೆ ಅಂತ ಜೈಲಿಟಾಲ್ ಹಾಕಿರುವುದುಂಟು, ಅದು ನಾಯಿಗೆ ವಿಷ, ಕ್ಯಾಪ್ಸೂಲನ್ನೇ ಕೊಡಿ ಅಂತ. ಆ ಹೊಸ ಚೀಟಿಯ ಮೇಲೆ, ಅವಳ ತೂಕದ ಪಕ್ಕದಲ್ಲಿ, ಕೆಂಪು ಪೆನ್ನಿನಲ್ಲಿ ಇನ್ನೊಂದು ಸಾಲು ಬರೆದರು: ಎನ್‌ಸೇಡ್ ಆಗಿಬರುವುದಿಲ್ಲ. ಯಾವ ಡಾಕ್ಟರ್ ಹತ್ತಿರ ಹೋದರೂ ಮೊದಲು ಆ ಚೀಟಿ ತೋರಿಸುತ್ತೇನೆ.