ಅಡಿಕೆ ರಾಶಿಯೂ ಜೋಳದ ಸಾಲೂ

ಆಟಿಸಂ, ಅಂದರೆ ಮಾತು, ಒಡನಾಟ, ವರ್ತನೆ ಬೇರೆಯದೇ ರೀತಿಯಲ್ಲಿ ಬೆಳೆಯುವ ಸ್ಥಿತಿ ಇರುವ ಮಕ್ಕಳಿಗೆ ಮಾತಿನ ಚಿಕಿತ್ಸೆ ಕೊಡುವವಳು ನಾನು. ಮೊದಲ ಸಲ ಬಂದಾಗ ಅಪ್ಪ-ಅಮ್ಮ ಕೇಳುವುದು, ‘ಮಗುವಿಗೆ ಮಾತು ಬರುತ್ತಾ ಮೇಡಂ?’ ನಾಲ್ಕೈದು ಭೇಟಿಯಾದ ಮೇಲೆ, ಮಗು ಆಚೆ ಆಟದ ಸಾಮಾನಿನ ಹತ್ತಿರ ಇರುವಾಗ, ದನಿ ತಗ್ಗಿಸಿ ಇನ್ನೊಂದು ಕೇಳುತ್ತಾರೆ: ‘ಆಟಿಸಂ ಇರೋ ಮಕ್ಕಳಲ್ಲಿ ಏನೋ ಒಂದು ವಿಶೇಷ ಶಕ್ತಿ ಇರುತ್ತಂತಲ್ಲ. ನಮ್ಮವನಲ್ಲಿ ಅದು ಯಾವುದು?’ ಯಾವ ತಾರೀಕು ಹೇಳಿದರೂ ವಾರ ಹೇಳುವ ಹುಡುಗನ ವಿಡಿಯೊವನ್ನು ಯಾರೋ ನೆಂಟರು ವಾಟ್ಸ್‌ಆ್ಯಪಿನಲ್ಲಿ ಕಳಿಸಿರುತ್ತಾರೆ. ಹೆಚ್ಚಿನ ಮಕ್ಕಳಲ್ಲಿ ಅಂಥದ್ದೇನೂ ಇರುವುದಿಲ್ಲ ಎಂದು ಹೇಳುವಾಗ, ಅವರ ಕೈಯಿಂದ ಎರಡನೇ ಸಲ ಏನನ್ನೋ ಕಿತ್ತುಕೊಂಡ ಹಾಗಾಗುತ್ತದೆ ನನಗೆ.

ನಮ್ಮ ಜನ ಈ ಮಕ್ಕಳಿಗೆ ಎರಡೇ ಮಣೆ ಹಾಕಿಟ್ಟಿದ್ದಾರೆ. ಒಂದು ‘ಅಯ್ಯೋ ಪಾಪ’ದ್ದು, ಇನ್ನೊಂದು ‘ಅಬ್ಬಬ್ಬಾ’ದ್ದು. ನಡುವೆ ಕೂರಲು ಜಾಗವಿಲ್ಲ. ಸರ್ಕಾರಿ ಪ್ರಮಾಣಪತ್ರಕ್ಕಾಗಿ ನಮ್ಮ ದೇಶದಲ್ಲಿ ಬಳಸುವ ಆಟಿಸಂ ಮಾಪನದಲ್ಲಿ 40 ಅಂಶಗಳಿವೆ, ಒಂದೊಂದಕ್ಕೂ 1ರಿಂದ 5ರವರೆಗೆ ಅಂಕ. ಕಟ್ಟಕಡೆಯದು ಅಸಾಮಾನ್ಯ ಪ್ರತಿಭೆಯದ್ದು. ಅದು ಇದೆ ಎಂದರೆ ಅಂಕ ಏರುತ್ತದೆ! ನಾವು ಬಾಯಿ ಬಿಟ್ಟುಕೊಂಡು ನೋಡುವ ಅದೇ ‘ಶಕ್ತಿ’ ಫೈಲಿನೊಳಗೆ ಕೊರತೆಯ ಲೆಕ್ಕಕ್ಕೆ ಸೇರುತ್ತದೆ. ಮಾಪನದ ಮೇಲೆ ನನಗೇನೂ ಸಿಟ್ಟಿಲ್ಲ, ಸವಲತ್ತು ಸಿಗಬೇಕಾದರೆ ಯಾವುದೋ ಒಂದು ಅಳತೆಗೋಲು ಬೇಕೇ ಬೇಕು. ಆದರೆ ವರ್ಷಗಟ್ಟಲೆ ಅದನ್ನೇ ಹಿಡಿದು ಕೂತರೆ ನಮ್ಮ ಕಣ್ಣೂ ಹಾಗೇ ಆಗಿಬಿಡುತ್ತದೆ. ನನಗೂ ಆಗಿತ್ತು.

ಸಾಗರದ ಕಡೆಯ ಒಂದು ತೋಟದ ಮನೆಯ ಹುಡುಗ. (ಗುರುತು ಹತ್ತದಿರಲಿ ಎಂದು ಕೆಲವು ವಿವರ ಬದಲಿಸಿದ್ದೇನೆ.) ಆಗ ಐದು ವರ್ಷ. ಅಂಗಳದಲ್ಲಿ ಒಣಗಲು ಹರವಿದ ಅಡಿಕೆಯನ್ನು ಎತ್ತಿ ತಂದು ಜಗಲಿಯ ಮೇಲೆ ಸಾಲು ಹಚ್ಚುತ್ತಿದ್ದ. ಒಂದೇ ಒಂದನ್ನು ಯಾರಾದರೂ ಅಲುಗಿಸಿದರೆ ಕೇರಿಗೆಲ್ಲ ಕೇಳುವ ಹಾಗೆ ಕಿರುಚಾಟ. ನಾನಾಗ ಕೆಲಸಕ್ಕೆ ಹೊಸಬಳು. ‘ಸಾಲು ಹಚ್ಚುವುದನ್ನು ಬಿಡಿಸಿ, ಅಡಿಕೆ ಕೈಗೆ ಸಿಗದಂತೆ ಇಡಿ’ ಎಂದು ಬರೆದುಕೊಟ್ಟೆ. ಕೊಯ್ಲಿನ ಕಾಲದಲ್ಲಿ, ಮಲೆನಾಡಿನ ಮನೆಗೆ! ಮೂರು ತಿಂಗಳು ಆ ತಾಯಿ ಮಗನ ಹಿಂದೆ ಓಡಿದ್ದೇ ಬಂತು. ಅವನು ಆಡುತ್ತಿದ್ದ ನಾಲ್ಕು ಮಾತೂ ನಿಂತುಹೋಯಿತು.

ದಾರಿ ಕಂಡದ್ದು ಅಜ್ಜನಿಗೆ. ಅವರು ಮಾಡಿದ್ದಿಷ್ಟೇ: ಬಗ್ಗಿ ಆ ಸಾಲನ್ನು ನೋಡಿದರು. ಒಂದು ಬಗೆಯ ಅಡಿಕೆಯ ನಡುವೆ ಇನ್ನೊಂದು ಬಗೆಯದು ಬೆರೆತಿರಲಿಲ್ಲ. ‘ಇದು ಬರೀ ಆಟ ಅಲ್ಲ ಮಾರಾಯ್ತಿ, ಮಾಣಿ ಅಡಿಕೆ ಆರಿಸ್ತಾ ಇದ್ದಾನೆ’ ಎಂದು ಸೊಸೆಗೆ ಹೇಳಿ, ಮರುದಿನ ಅವನ ಮುಂದೆ ಮೂರು ಬುಟ್ಟಿ ಇಟ್ಟರು. ರಾಶಿ, ಬೆಟ್ಟೆ, ಗೊರಬಲು ಎಂಬ ಮೂರು ಬಗೆಯ ಅಡಿಕೆಗೆ ಒಂದೊಂದು. ತಾವೂ ಪಕ್ಕದಲ್ಲಿ ಕೂತರು. ಅಜ್ಜನ ಕೈ ಬುಟ್ಟಿಗೆ ಬಂದರೆ ಹುಡುಗ ಕಿರುಚಲಿಲ್ಲ. ಬದಲಿಗೆ ಅವರು ಹಾಕಿದ್ದನ್ನು ಪರೀಕ್ಷೆ ಮಾಡಿದ.

ನಮ್ಮ ಪಠ್ಯದಲ್ಲಿ ‘ಡೊನಾಲ್ಡ್ ಟಿ.’ ಎಂದು ಓದಿದ್ದ ಮಗುವಿನ ಮುಂದಿನ ಬದುಕು ನನಗೆ ಗೊತ್ತಾದದ್ದು ಇದೆಲ್ಲ ಆದ ಮೇಲೆ. ಬಾಲ್ಟಿಮೋರಿನ ವೈದ್ಯ ಲಿಯೋ ಕ್ಯಾನರ್ 1943ರಲ್ಲಿ 11 ಮಕ್ಕಳ ಬಗ್ಗೆ ಬರೆದ ಪ್ರಬಂಧದಿಂದ ಆಟಿಸಂನ ವೈದ್ಯಕೀಯ ಚರಿತ್ರೆ ಶುರುವಾಗುತ್ತದಲ್ಲ, ಅದರ ಮೊದಲನೇ ಮಗು ಈ ಡೊನಾಲ್ಡ್ ಟ್ರಿಪ್ಲೆಟ್. ಅಮೆರಿಕದ ಮಿಸಿಸಿಪ್ಪಿ ರಾಜ್ಯದ ಫಾರೆಸ್ಟ್ ಎಂಬ ಸಣ್ಣ ಊರಿನವನು. ಲೆಕ್ಕ ಹಾಕುವುದು, ಅಳೆಯುವುದು ಅವನ ಹುಚ್ಚು. 1942ರಲ್ಲಿ, ಒಂಬತ್ತನೇ ವಯಸ್ಸಿಗೆ, ಅವನನ್ನು ಮನೆಯಿಂದ ಹತ್ತು ಮೈಲಿ ದೂರದ ಒಬ್ಬ ರೈತ ದಂಪತಿಯ ಜೊತೆ ಬಿಟ್ಟರು. ಆ ರೈತ ಹುಚ್ಚು ಬಿಡಿಸಲು ಹೋಗಲಿಲ್ಲ. ಅಳೆಯುತ್ತೀಯಾ, ಬಾವಿ ತೋಡು, ಎಷ್ಟು ಆಳ ಬಂತು ಹೇಳು ಎಂದ. ಸತ್ತ ಹಕ್ಕಿ, ಹುಳುಗಳನ್ನು ಕೂಡಿಸುತ್ತಿದ್ದ ಹುಡುಗನಿಗೆ ಹೊಲದ ಮೂಲೆಯಲ್ಲಿ ಸ್ಮಶಾನಕ್ಕೆ ಜಾಗ ಕೊಟ್ಟ. ಮೆಕ್ಕೆಜೋಳದ ಸಾಲುಗಳನ್ನು ಮತ್ತೆ ಮತ್ತೆ ಎಣಿಸುತ್ತಿದ್ದವನ ಕೈಗೆ ನೇಗಿಲು ಕೊಟ್ಟು, ಉಳುತ್ತಾ ಎಣಿಸು ಎಂದ. 1945ರಲ್ಲಿ ಕ್ಯಾನರ್ ಹೋಗಿ ನೋಡಿದಾಗ ಹುಡುಗ ಕುದುರೆ ಹೂಡಿಕೊಂಡು ಆರು ಉದ್ದನೆಯ ಸಾಲು ಉತ್ತ. ಇದನ್ನು ಓದುವಾಗ ನನಗೆ ಆ ಮೂರು ಬುಟ್ಟಿ ಕಾಣುತ್ತಿತ್ತು.

ಡೊನಾಲ್ಡ್ ಮುಂದೆ ಕಾಲೇಜು ಮುಗಿಸಿದ, ಊರಿನ ಬ್ಯಾಂಕಿನಲ್ಲಿ ದುಡಿದ, ಗಾಲ್ಫ್ ಆಡಿದ, ಒಬ್ಬನೇ ದೇಶ ಸುತ್ತಿದ, 2023ರಲ್ಲಿ 89ನೇ ವಯಸ್ಸಿನಲ್ಲಿ ತೀರಿಕೊಂಡ. ಬ್ಯಾಂಕು ಅವನ ತಾಯಿಯ ಮನೆತನದ್ದೇ ಎಂಬುದನ್ನು ಇಲ್ಲಿ ಮರೆಯಬಾರದು. ತೋಟವಿರುವ ಮನೆಗೂ, ಕೂಲಿಗೆ ಹೋಗುವ ತಾಯಿ ಮಗುವನ್ನು ಬಾಗಿಲು ಹಾಕಿ ಬಿಟ್ಟು ಹೋಗಬೇಕಾದ ಮನೆಗೂ ನಾನು ಒಂದೇ ಸಲಹೆ ಕೊಡಲಾರೆ.

ಡೊನಾಲ್ಡನ ಬಗ್ಗೆ ಒಂದು ದಂತಕಥೆ ಇತ್ತು. ಹುಡುಗನಾಗಿದ್ದಾಗ ಶಾಲೆಯ ಗೋಡೆಯಲ್ಲಿ ಇಟ್ಟಿಗೆ ಎಷ್ಟಿವೆ ಎಂದು ಕೆಲವು ಹುಡುಗರು ಕೇಳಿದರಂತೆ. ಒಂದು ಕ್ಷಣ ನೋಡಿ ಥಟ್ಟನೆ ಸಂಖ್ಯೆ ಹೇಳಿದನಂತೆ. ಊರೆಲ್ಲ ದಶಕಗಳ ಕಾಲ ಇದನ್ನೇ ಹೇಳಿಕೊಂಡು ಬಂತು. ಮುಪ್ಪಿನಲ್ಲಿ ಪತ್ರಕರ್ತರು ಕೇಳಿದಾಗ ಆತ ಒಪ್ಪಿಕೊಂಡ, ಬಾಯಿಗೆ ಬಂದ ಸಂಖ್ಯೆ ಹೇಳಿದ್ದೆ, ಆ ಹುಡುಗರು ನನ್ನನ್ನು ಮೆಚ್ಚಲಿ ಅಂತ. ಈ ಮಕ್ಕಳಿಗೆ ಜನರ ಗೊಡವೆ ಬೇಡ, ಯಾರು ಏನೆಂದುಕೊಂಡರೂ ಅವರಿಗೇನೂ ಇಲ್ಲ ಎನ್ನುವವರು ಎದುರಾದಾಗಲೆಲ್ಲ ನನಗೆ ಈ ಇಟ್ಟಿಗೆಗಳು ನೆನಪಾಗುತ್ತವೆ.

ನನ್ನ ಕಸುಬು ಮಾತಿನದಾದ್ದರಿಂದ ಮಾತಿಗೂ ಬರುತ್ತೇನೆ. ‘ಹಾಲು ಕುಡೀತ್ಯಾ?’ ಎಂದು ಅಮ್ಮ ಅಂದಾಗಲೆಲ್ಲ ಹಾಲು ಬಂದಿದೆ. ಹಾಗಾದರೆ ಹಾಲು ತರಿಸುವ ಮಾತು ಅದೇ. ಹಸಿದ ಮಗು ‘ಹಾಲು ಕುಡೀತ್ಯಾ?’ ಎನ್ನುತ್ತದೆ. ವ್ಯಾಕರಣ ತಪ್ಪಿದೆ, ತರ್ಕ ತಪ್ಪಿಲ್ಲ. ಡೊನಾಲ್ಡನಿಗೂ ಹೀಗೇ ಆಗಿತ್ತು. ‘ಹೆಗಲ ಮೇಲೆ ಕೂರಿಸಬೇಕಾದರೆ ಹೂಂ ಅನ್ನು’ ಎಂದು ಅಪ್ಪ ಕಲಿಸಿದ ಮೇಲೆ, ‘ಹೂಂ’ ಎಂದರೆ ಹೆಗಲ ಮೇಲೆ ಕೂರಿಸು ಎಂದೇ ಅರ್ಥವಾಯಿತು. ಕೇಳಿದ ಮಾತನ್ನೇ ಹಾಗೆಹಾಗೇ ತಿರುಗಿಸಿ ಆಡುವ ಇದನ್ನು ಇಂಗ್ಲಿಷ್ ಪುಸ್ತಕಗಳು ‘ನಾನು’-‘ನೀನು’ ಅದಲುಬದಲಿನಲ್ಲಿ ಹುಡುಕಿ ಎನ್ನುತ್ತವೆ. ಕನ್ನಡದಲ್ಲಿ ನಾವು ಆ ಎರಡನ್ನೂ ಬಿಟ್ಟೇ ದಿನವಿಡೀ ಮಾತಾಡಬಲ್ಲೆವು. ಇಲ್ಲಿ ಅದಲುಬದಲು ಅಡಗಿರುವುದು ಕ್ರಿಯಾಪದದ ಬಾಲದಲ್ಲಿ. ಎಷ್ಟೋ ಮನೆಗಳಲ್ಲಿ ‘ಗಿಣಿ ಹಾಗೆ ಹೇಳಿದ್ದೇ ಹೇಳ್ತಾನೆ, ಅರ್ಥ ಏನೂ ಇಲ್ಲ’ ಎಂದು ಬಿಟ್ಟಿರುವುದು ನಿಜವಾಗಿ ಬೇಡಿಕೆ ಆಗಿರುತ್ತದೆ. ‘ಕುಡೀತ್ಯಾ ಅಲ್ಲ, ಕುಡೀತೀನಿ ಅನ್ನು’ ಎಂದು ತಿದ್ದಿದರೆ ‘ಕುಡೀತೀನಿ ಅನ್ನು’ ಎಂದೇ ಉತ್ತರ ಬರುತ್ತದೆ, ನೋಡಿಕೊಳ್ಳಿ. ತಿದ್ದಬೇಡಿ. ಮಗುವಿನ ಪಾಲಿನ ಮಾತನ್ನು ನೀವೇ ಆಡಿ, ‘ಹಾಲು ಬೇಕು’ ಎಂದು, ಲೋಟ ಕೈಗೆ ಕೊಡಿ. ದಿನಕ್ಕೆ ಹತ್ತು ಸಲ, ತಿಂಗಳುಗಟ್ಟಲೆ.

ಅಡಿಕೆಯ ಹುಡುಗನಿಗೆ ಈಗ ಹದಿನೇಳು. ಹದಿನೆಂಟಾದ ಮೇಲೆ ಕಾನೂನುಬದ್ಧ ಪೋಷಕತ್ವಕ್ಕೆ 1999ರ ರಾಷ್ಟ್ರೀಯ ನ್ಯಾಸ ಕಾಯ್ದೆಯಡಿ ಜಿಲ್ಲಾಧಿಕಾರಿಯ ಸಮಿತಿಗೆ ಅರ್ಜಿ ಹಾಕಬೇಕು, ತಾಯಿ ಕಾಗದಪತ್ರ ಕೂಡಿಸುತ್ತಿದ್ದಾರೆ. ಆರಿಸುವುದರಲ್ಲಿ ಅವನೇನೂ ಪವಾಡಪುರುಷನಲ್ಲ. ಅವನಿಗಿಂತ ಚುರುಕಾಗಿ ಕೈ ಆಡಿಸುವ ಹೆಂಗಸರು ಊರಲ್ಲಿದ್ದಾರೆ. ಮನಸ್ಸಿಲ್ಲದ ದಿನ ಬುಟ್ಟಿ ಒದ್ದು ಎದ್ದು ಹೋಗುತ್ತಾನೆ.

ಕಳೆದ ಸಲ ಅವರ ಮನೆಗೆ ಹೋಗಿದ್ದಾಗ ಬೆಂಗಳೂರಿನಿಂದ ನೆಂಟರೊಬ್ಬರು ಬಂದಿದ್ದರು. ಹುಡುಗನ ಎದುರು ಕುಕ್ಕರಗಾಲಲ್ಲಿ ಕೂತು, ಫೋನು ಎತ್ತಿ ಹಿಡಿದು, ‘ಈ ರಾಶೀಲಿ ಎಷ್ಟು ಅಡಿಕೆ ಇದೆ, ಹೇಳು ನೋಡೋಣ’ ಎಂದರು. ಅವನು ತಲೆ ಎತ್ತಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ, ಮನೆಗೆ ಬಂದವರನ್ನು ಅಮ್ಮ ಕೇಳುವ ಅದೇ ರಾಗದಲ್ಲಿ, ‘ಕಾಫಿ ಕುಡೀತೀರಾ?’ ಎಂದ.

‘ಬೇಡಪ್ಪಾ, ಈಗ ತಾನೇ ಆಯ್ತು’ ಎಂದರು ನೆಂಟರು, ಖುಷಿಯಾಗಿ.

ಅಮ್ಮ ನನ್ನ ಮುಖ ನೋಡಿ ನಕ್ಕು, ಒಳಗೆ ಹೋಗಿ ಒಂದು ಲೋಟ ಕಾಫಿ ತಂದು ಮಗನ ಪಕ್ಕದಲ್ಲಿಟ್ಟರು.