ಪದ ಪರಿಚಯ: ಲಾ ಕ್ಲರ್ಕ್

ನಮ್ಮ ಕಡೆ ಕೋರ್ಟಿನ ಮಾತಿನ ನಡುವೆ ‘ಕ್ಲರ್ಕ್’ ಎಂಬ ಪದ ಬಂದರೆ ಕಣ್ಣಮುಂದೆ ನಿಲ್ಲುವವರು ಇಬ್ಬರು. ಕಡತಗಳ ಕಟ್ಟನ್ನು ಕಂಕುಳಲ್ಲಿ ಇಟ್ಟುಕೊಂಡು ಓಡಾಡುತ್ತ ಮುಂದಿನ ದಿನಾಂಕ ಬರೆದುಕೊಂಡು ಬರುವ ವಕೀಲರ ಗುಮಾಸ್ತರು ಒಬ್ಬರು. ನ್ಯಾಯಾಧೀಶರ ಪೀಠದ ಕೆಳಗಿನ ಮೇಜಿನಲ್ಲಿ ಕುಳಿತು ದಿನದ ಪ್ರಕರಣಗಳ ಕಡತ ನೋಡಿಕೊಳ್ಳುವ ಬೆಂಚ್ ಕ್ಲರ್ಕ್ ಇನ್ನೊಬ್ಬರು. ಲಾ ಕ್ಲರ್ಕ್ ಈ ಇಬ್ಬರಲ್ಲಿ ಯಾರೂ ಅಲ್ಲ. ಕಾನೂನು ಪದವಿ ಮುಗಿಸಿದ ಹೊಸತರಲ್ಲಿ ಒಬ್ಬ ನ್ಯಾಯಮೂರ್ತಿಗಳ ಬಳಿ ಗೊತ್ತಾದ ಅವಧಿಗೆ ಸೇರಿ, ಅವರ ಮುಂದೆ ಬರಲಿರುವ ಪ್ರಕರಣಗಳನ್ನು ಮೊದಲೇ ಓದಿ ಟಿಪ್ಪಣಿ ಮಾಡಿಕೊಡುವ, ಪೂರ್ವನಿದರ್ಶನಗಳನ್ನು ಹುಡುಕುವ, ತೀರ್ಪಿನ ಕರಡಿನಲ್ಲಿರುವ ಉಲ್ಲೇಖಗಳನ್ನು ತಾಳೆ ನೋಡುವ ಯುವ ಪದವೀಧರರಿಗೆ ಈ ಹೆಸರು ಸಲ್ಲುತ್ತದೆ. ಭಾರತದ ಸುಪ್ರೀಂ ಕೋರ್ಟ್ ಇವರನ್ನು ‘ಲಾ ಕ್ಲರ್ಕ್-ಕಮ್-ರಿಸರ್ಚ್ ಅಸೋಸಿಯೇಟ್’ ಎಂದೂ ಕರ್ನಾಟಕ ಹೈಕೋರ್ಟ್ ‘ಲಾ ಕ್ಲರ್ಕ್-ಕಮ್-ರಿಸರ್ಚ್ ಅಸಿಸ್ಟೆಂಟ್’ ಎಂದೂ ಕರೆಯುತ್ತವೆ. ಬರೀ ‘ಕ್ಲರ್ಕ್’ ಎಂದರೆ ಕೆಲಸದ ಸ್ವರೂಪ ತಿಳಿಯದು ಎಂಬುದಕ್ಕೆ ಈ ಉದ್ದನೆಯ ಬಾಲವೇ ಸಾಕ್ಷಿ.

ಗೊಂದಲ ಪದದ ಹುಟ್ಟಿನಲ್ಲೇ ಇದೆ. ‘ಕ್ಲರ್ಕ್’ ಬಂದದ್ದು ಚರ್ಚಿನ ಪಾದ್ರಿಯನ್ನು ಸೂಚಿಸುವ ಲ್ಯಾಟಿನ್ ಪದದಿಂದ; ಮಧ್ಯಯುಗದ ಯುರೋಪಿನಲ್ಲಿ ಓದುಬರಹ ಬಲ್ಲವರು ಹೆಚ್ಚಾಗಿ ಪಾದ್ರಿಗಳೇ ಆಗಿದ್ದರಿಂದ ಅದು ಅಕ್ಷರಸ್ಥ ಎಂಬ ಅರ್ಥ ಪಡೆಯಿತು, ಕ್ರಮೇಣ ಕಚೇರಿಯ ಬರಹಗಾರನ ಮಟ್ಟಕ್ಕೆ ಇಳಿಯಿತು. ಪಾರಸಿಯಿಂದ ಬಂದ ನಮ್ಮ ‘ಗುಮಾಸ್ತ’ನಿಗೆ ಮೂಲದಲ್ಲಿ ನೇಮಕಗೊಂಡವನು, ಇನ್ನೊಬ್ಬರ ಪರವಾಗಿ ಕೆಲಸ ಮಾಡುವವನು ಎಂಬ ಅರ್ಥ. ಆ ಹಳೆಯ ಅರ್ಥದಲ್ಲಾದರೆ ‘ಕಾನೂನು ಗುಮಾಸ್ತ’ ಎಂಬ ಅನುವಾದ ತಪ್ಪೇನಲ್ಲ, ಆದರೆ ಇಂದಿನ ಓದುಗರ ಕಿವಿಗೆ ಅದು ಬೇರೆಯೇ ಹುದ್ದೆಯನ್ನು ಹೇಳುತ್ತದೆ; ಆದ್ದರಿಂದ ‘ಲಾ ಕ್ಲರ್ಕ್’ ಎಂದೇ ಬರೆಯುವುದು ಮೇಲೆಂದು ನನ್ನ ಅಭಿಪ್ರಾಯ. (ನಮ್ಮ ನ್ಯಾಯಾಲಯಗಳಲ್ಲಿ ‘ತೀರ್ಪು ಬರಹಗಾರ’ ಎಂಬ ಹುದ್ದೆಯೂ ಇದೆ. ತೀರ್ಪು ಕೊಡುವವರು ಅವರಲ್ಲ, ನ್ಯಾಯಾಧೀಶರ ಉಕ್ತಲೇಖನವನ್ನು ಬರೆದುಕೊಳ್ಳುವವರು. ಹೆಸರು ನೋಡಿ ಕೆಲಸ ಊಹಿಸುವುದು ಕೋರ್ಟಿನ ಆವರಣದಲ್ಲಿ ಅಪಾಯದ ಕೆಲಸ.)

ಈ ಪದ್ಧತಿ ಬೇರೂರಿದ್ದು ಅಮೆರಿಕದಲ್ಲಿ. ಮ್ಯಾಸಚೂಸೆಟ್ಸ್‌ನಲ್ಲಿ ನ್ಯಾಯಮೂರ್ತಿಯಾಗಿದ್ದಾಗಲೇ ಹಾರ್ವರ್ಡ್‌ನ ಪದವೀಧರರನ್ನು ಜೊತೆಗಿಟ್ಟುಕೊಳ್ಳುತ್ತಿದ್ದ ಹೊರೇಸ್ ಗ್ರೇ, 1882ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟಿಗೆ ಬಂದ ಮೇಲೂ ಆ ರೂಢಿ ಮುಂದುವರಿಸಿ, ಸಂಬಳವನ್ನು ತಮ್ಮ ಕೈಯಿಂದಲೇ ಕೊಟ್ಟರು. 1886ರಲ್ಲಿ ಅಮೆರಿಕದ ಕಾಂಗ್ರೆಸ್ ಪ್ರತಿ ನ್ಯಾಯಮೂರ್ತಿಗೆ ವರ್ಷಕ್ಕೆ 1,600 ಡಾಲರ್ ವೇತನದ ಒಬ್ಬ ಸಹಾಯಕನನ್ನು ಮಂಜೂರು ಮಾಡಿತಾದರೂ, ಅದು ಮಂಜೂರಾದದ್ದು ಶೀಘ್ರಲಿಪಿಗಾರನ ಹೆಸರಿನಲ್ಲಿ. ವಿದ್ವತ್ತಿನ ಕೆಲಸಕ್ಕೆ ಗುಮಾಸ್ತಿಕೆಯ ಹೆಸರು ಅಂಟಿಕೊಂಡೇ ಉಳಿಯಿತು. ಇಂದು ಅಲ್ಲಿನ ಒಬ್ಬೊಬ್ಬ ನ್ಯಾಯಮೂರ್ತಿಯ ಬಳಿ ಸಾಮಾನ್ಯವಾಗಿ ನಾಲ್ವರು ಲಾ ಕ್ಲರ್ಕ್‌ಗಳು ಒಂದು ವರ್ಷದ ಮಟ್ಟಿಗೆ ಇರುತ್ತಾರೆ.

ದೆಹಲಿಯಲ್ಲಿ ಈ ಕೆಲಸದ ಭಾರ ಬೇರೆ ಬಗೆಯದು. ಸಂವಿಧಾನದ 136ನೇ ವಿಧಿಯಡಿ ದೇಶದ ಎಲ್ಲ ಹೈಕೋರ್ಟುಗಳಿಂದ ವಿಶೇಷ ಅನುಮತಿ ಅರ್ಜಿಗಳು, ಅಂದರೆ ಮೇಲ್ಮನವಿ ಸಲ್ಲಿಸಲು ಸುಪ್ರೀಂ ಕೋರ್ಟಿನ ಅನುಮತಿ ಕೋರುವ ಅರ್ಜಿಗಳು, ಬಂದು ಬೀಳುತ್ತವೆ. ಹೊಸ ಅರ್ಜಿಗಳ ವಿಚಾರಣೆಗೆ ಬಹುಕಾಲದಿಂದ ಸೋಮವಾರ, ಶುಕ್ರವಾರಗಳು ಮೀಸಲಾಗಿ ಬಂದಿರುವುದರಿಂದ ಲಾ ಕ್ಲರ್ಕ್‌ಗಳ ಶನಿವಾರ, ಭಾನುವಾರಗಳು ಓದಿನಲ್ಲೇ ಕಳೆಯುತ್ತವೆ. ನೂರಾರು ಪುಟಗಳ ಕಡತವನ್ನು ಒಂದೆರಡು ಪುಟಗಳಿಗೆ ಇಳಿಸಬೇಕು. ಅರ್ಜಿ 90 ದಿನಗಳ ಕಾಲಮಿತಿಯೊಳಗೆ ಬಂದಿದೆಯೇ, ಇಲ್ಲದಿದ್ದರೆ ವಿಳಂಬಕ್ಕೆ ಕೊಟ್ಟ ಕಾರಣವೇನು, ಹೈಕೋರ್ಟ್ ಏನು ಹೇಳಿತು, ಕೆಳಗಿನ ನ್ಯಾಯಾಲಯ ಅದಕ್ಕಿಂತ ಭಿನ್ನವಾಗಿ ಹೇಳಿತ್ತೇ, ಅರ್ಜಿದಾರರು ನೆಚ್ಚಿಕೊಂಡ ತೀರ್ಪು ಇಂದಿಗೂ ಊರ್ಜಿತದಲ್ಲಿದೆಯೇ ಎಂಬಿಷ್ಟೂ ಅದರಲ್ಲಿ ಇರಬೇಕು. ಪೀಠದ ಮೇಲೆ ಕೆಲವೇ ನಿಮಿಷಗಳಲ್ಲಿ ಮುಗಿಯುವ ವಿಚಾರಣೆಯ ಹಿಂದೆ ಇಂಥ ಓದು ಇರುತ್ತದೆ.

ಓದಿ ಹೇಳುವುದಕ್ಕೂ ನಿರ್ಣಯಿಸುವುದಕ್ಕೂ ನಡುವೆ ಗೆರೆ ಎಲ್ಲಿದೆ ಎಂಬುದು ಈ ಪದದ ಸುತ್ತಲಿನ ಅತ್ಯಂತ ಸೂಕ್ಷ್ಮ ಪ್ರಶ್ನೆ. ನಿರ್ಣಯ ನ್ಯಾಯಮೂರ್ತಿಗಳದೇ, ಸಹಿಯೂ ಹೊಣೆಯೂ ಅವರದೇ. ಲಾ ಕ್ಲರ್ಕ್‌ನ ಟಿಪ್ಪಣಿ ಚೇಂಬರಿನ ಒಳಗಿನ ಕಾಗದ, ಅದರ ಗೋಪ್ಯತೆ ಕಾಯುವುದು ಕರ್ತವ್ಯ. ಆದರೂ ಒಮ್ಮೊಮ್ಮೆ ಆ ಕಾಗದ ಹೊರಬಂದು ಕಾಡುತ್ತದೆ. 1952-53ರಲ್ಲಿ ಅಮೆರಿಕದ ನ್ಯಾಯಮೂರ್ತಿ ರಾಬರ್ಟ್ ಜಾಕ್ಸನ್ ಅವರ ಲಾ ಕ್ಲರ್ಕ್ ಆಗಿದ್ದ ವಿಲಿಯಂ ರೆನ್‌ಕ್ವಿಸ್ಟ್, ಜನಾಂಗೀಯ ಪ್ರತ್ಯೇಕತೆಯನ್ನು ಎತ್ತಿಹಿಡಿದಿದ್ದ ಹಳೆಯ ತೀರ್ಪು ಸರಿಯಾದುದೆಂದು ಒಂದು ಟಿಪ್ಪಣಿ ಬರೆದಿದ್ದರು. 1971ರಲ್ಲಿ ಅವರೇ ಸುಪ್ರೀಂ ಕೋರ್ಟಿಗೆ ನಾಮನಿರ್ದೇಶಿತರಾದಾಗ ಅದು ಬೆಳಕಿಗೆ ಬಂತು. ಅದು ತನ್ನ ಅಭಿಪ್ರಾಯವಲ್ಲ, ಜಾಕ್ಸನ್ ಅವರ ಆಲೋಚನೆಯನ್ನು ಬರೆದದ್ದು ಎಂದು ಅವರು ಸಮಜಾಯಿಷಿ ಕೊಟ್ಟರು; ಹಲವು ಇತಿಹಾಸಕಾರರು ಅದನ್ನು ನಂಬಲಿಲ್ಲ. ಕಾಗದದ ಮೇಲಿದ್ದ ದನಿ ಯಾರದ್ದೆಂಬ ವಾದ ಇನ್ನೂ ತೀರಿಲ್ಲ. ರೆನ್‌ಕ್ವಿಸ್ಟ್ ಮುಂದೆ ಮುಖ್ಯ ನ್ಯಾಯಮೂರ್ತಿಯಾದರು; ಅವರ ಬಳಿ ಲಾ ಕ್ಲರ್ಕ್ ಆಗಿದ್ದ ಜಾನ್ ರಾಬರ್ಟ್ಸ್ 2005ರಲ್ಲಿ ಅದೇ ಸ್ಥಾನಕ್ಕೆ ಬಂದರು.

ನಮ್ಮಲ್ಲಿ ಲಾ ಕ್ಲರ್ಕ್ ಕೆಲಸ ಗುತ್ತಿಗೆಯದು, ಖಾಯಂ ಸರ್ಕಾರಿ ನೌಕರಿಯಲ್ಲ. ಸುಪ್ರೀಂ ಕೋರ್ಟ್ ಲಿಖಿತ ಪರೀಕ್ಷೆ, ಸಂದರ್ಶನಗಳ ಮೂಲಕ ಆಯ್ಕೆ ಮಾಡುತ್ತದೆ. 2025ರ ಅಧಿಸೂಚನೆಯಲ್ಲಿ ತಿಂಗಳಿಗೆ 80,000 ರೂಪಾಯಿ ಸಂಭಾವನೆ ಇತ್ತು. ಆ ಅವಧಿಯಲ್ಲಿ ವಕೀಲಿಕೆ ಮಾಡುವಂತಿಲ್ಲ. ಸಿವಿಲ್ ನ್ಯಾಯಾಧೀಶರಾಗಬೇಕೆಂದು ಹೊರಟವರಿಗೆ ಈ ನಿರ್ಬಂಧ ತೊಡಕಾಗಬಹುದಿತ್ತು: 2025ರ ಮೇ 20ರಂದು ಅಖಿಲ ಭಾರತ ನ್ಯಾಯಾಧೀಶರ ಸಂಘದ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ಆ ಹುದ್ದೆಯ ಪ್ರವೇಶಕ್ಕೆ ಕನಿಷ್ಠ 3 ವರ್ಷಗಳ ವಕೀಲಿಕೆಯ ಷರತ್ತನ್ನು ಮತ್ತೆ ಜಾರಿಗೆ ತಂದಿತು. ಆದರೆ ಅದೇ ತೀರ್ಪು, ದೇಶದ ಯಾವುದೇ ನ್ಯಾಯಮೂರ್ತಿ ಅಥವಾ ನ್ಯಾಯಾಂಗ ಅಧಿಕಾರಿಯ ಬಳಿ ಲಾ ಕ್ಲರ್ಕ್ ಆಗಿ ಪಡೆದ ಅನುಭವವನ್ನೂ ಆ ಮೂರು ವರ್ಷಗಳ ಲೆಕ್ಕಕ್ಕೆ ಸೇರಿಸಬೇಕೆಂದು ಹೇಳಿತು. ವಕೀಲರ ಗುಮಾಸ್ತರಾಗಿಯೋ ಬೆಂಚ್ ಕ್ಲರ್ಕ್ ಆಗಿಯೋ ದುಡಿದ ವರ್ಷಗಳ ಮಾತು ಅಲ್ಲಿಲ್ಲ.